ಗುಲಾಬಿ ಸೀಮೆಸುಣ್ಣ

ಬೆಂದೂರಿನಲ್ಲಿ ಇಗರ್ಜಿಯ ಹಿಂದೆ ಒಂದು ಸಣ್ಣ ಹಾಲ್ ಉಂಟು.
ಕೆಂಪು ನೆಲ. ನಡುವಿನಲ್ಲಿ ಒಂದು ಕಂಬ,
ಅಲ್ಲಿ ಯಾಕೆ ಇಟ್ಟನೋ ಕಟ್ಟಿದವನಿಗೇ ಗೊತ್ತು.
ಶನಿವಾರ ಐದು ಗಂಟೆಗೆ ಬೊನವೆಂಚರ್ ಮಾಸ್ಟ್ರು
ಮೊಣಕಾಲೂರಿ ನೆಲದ ಮೇಲೆ ಪಾದ ಬರೆಯುತ್ತಾರೆ.
ಗಂಡಸಿಗೆ ಬಿಳಿ, ಹೆಂಗಸಿಗೆ ಗುಲಾಬಿ.
ಹಿಮ್ಮಡಿ ಮೊದಲು ಊರುವಲ್ಲಿ ಒಂದು ಗುಂಡು ಬೊಟ್ಟು,
ಬೆರಳ ಮೇಲೆ ಏಳುವಲ್ಲಿ ಐದು ಸಣ್ಣ ಚುಕ್ಕೆ.

ಏಳಕ್ಕೆ ಎಲ್ಲರೂ ಹೋದ ಮೇಲೆ
ಅದನ್ನು ಒರೆಸುವುದು ನಾನು.

ಹದಿನೆಂಟು ವರ್ಷ.
ಎಷ್ಟು ಮದುವೆಯ ಪಾದಗಳು ನನ್ನ ಬಾಲ್ದಿಯಲ್ಲಿ ಕರಗಿದವೋ.
ಕ್ರಿಸ್ಮಸ್ ಕಳೆದ ಮೇಲೆ ಮದುವೆಗಳ ಸಾಲು,
ಹಾಗಾಗಿ ನವೆಂಬರಿನಲ್ಲಿ ನೀರೆಲ್ಲ ಗುಲಾಬಿ.

ಬಾಗಿಲ ಬಳಿ ಕೂತು ಕೇಳಿದ್ದೇನೆ ಮಾಸ್ಟ್ರ ಮಾತು:
"ಕಾಲು ಎತ್ತಬೇಡಿ ಮಾರಾಯ್ರೆ, ಇದು ಗದ್ದೆಯಲ್ಲ.
ಜಾರಿಸಿ. ನೆಲಕ್ಕೂ ಕಾಲಿಗೂ ನಡುವೆ
ಬಸ್ಸಿನ ಟಿಕೆಟು ಹೋಗುವಷ್ಟೇ ಸಂದು.
ಒಂದಕ್ಕೆ ಉದ್ದ ಹೆಜ್ಜೆ, ಎರಡಕ್ಕೆ ಏಳಿ,
ಮೂರಕ್ಕೆ ಕಾಲು ಕೂಡಿಸಿ. ಕೂಡಿಸಿದರೆ ಸಾಲದು,
ಭಾರ ಕೊಡಿ. ಭಾರ ಸಿಗದ ಕಾಲು
ಮತ್ತೆ ತಾನೇ ಹೊರಡುತ್ತದೆ, ಜೋಡಿ ಕೆಡುತ್ತದೆ."

ಐಸ್ ಪ್ಲಾಂಟಿನ ಮೆಲ್ರಾಯ್ ಪ್ರತಿ ಮೂರಕ್ಕೂ ಅಲ್ಲೇ ಎಡವುತ್ತಾನೆ.
ಅವನ ಹುಡುಗಿ ಹೊಸ ಚಪ್ಪಲಿಯ ತುದಿ ನೋಡಿ ಹಲ್ಲು ಕಚ್ಚುತ್ತಾಳೆ.
ನನಗೆ ನಗು.
ಗುಲಾಬಿ ಪಾದಗಳೆಲ್ಲ ಹೊರಡುವುದು ಹಿಂದಕ್ಕೆ.
ನೆಲ ಒರೆಸುವವಳೂ ಹಿಂದಕ್ಕೇ ಹೋಗುವುದು,
ಒರೆಸಿದಲ್ಲಿ ತುಳಿಯಬಾರದಲ್ಲ.
ಬೆರಳು ಮೊದಲು, ಆಮೇಲೆ ಹಿಮ್ಮಡಿ,
ಬದಿಗೆ ಒಂದು, ಕೂಡಿಸು,
ಬಟ್ಟೆ ಹಿಂಡು.

ನಮ್ಮವರು ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು.
ಮಾರ್ಕೆಟಿಗಾಗಲಿ ಮದುವೆಗಾಗಲಿ
ನಾಲ್ಕು ಹೆಜ್ಜೆ ಮುಂದೆ ಅವರು.
ಆ ಬೆನ್ನು ನೋಡಿಕೊಂಡೇ ಇಪ್ಪತ್ತಾರು ವರ್ಷ ನಡೆದೆ,
ಅಂಗಿಯ ಹೊಲಿಗೆ ಎಲ್ಲೆಲ್ಲಿ ಬಿಟ್ಟಿತ್ತೆಂದು ಈಗಲೂ ಹೇಳಿಯೇನು.
ಒಳ್ಳೆಯವರೇ, ಕೈ ಎತ್ತಿದವರಲ್ಲ.
ತಿರುಗಿ ನೋಡಿದವರೂ ಅಲ್ಲ.

ಕಳೆದ ಶನಿವಾರ ಹಿಲ್ಡಾ ಬಾಯಿಗೆ ಜ್ವರ.
ತೋರಿಸಲಿಕ್ಕೆ ಮಾಸ್ಟ್ರಿಗೆ ಜೋಡಿ ಇಲ್ಲ.
"ವಾರಿಜಾ, ಬಾ ಇಲ್ಲಿ, ಸ್ವಲ್ಪ ನಿಂತುಕೋ."
ಕೈಯಲ್ಲಿ ಫಿನಾಯಿಲ್ ವಾಸನೆ. ಸೆರಗಿಗೆ ಒರೆಸಿದೆ, ಹೋಗಲಿಲ್ಲ.
ನನ್ನದು ಬರಿಗಾಲು, ಅವರದು ಪಾಲಿಶ್ ಮಾಡಿದ ಕರಿ ಬೂಟು.
ಬಲಗೈ ನನ್ನ ಬೆನ್ನಿನ ಹತ್ತಿರ, ಮುಟ್ಟಿತೋ ಇಲ್ಲವೋ.
"ಹಿಂದೆ ನೋಡಬೇಡ. ನನ್ನ ಹೆಗಲಿನ ಆಚೆ ನೋಡು."

ಒಂದು. ಅವರ ಹಿಮ್ಮಡಿ ಬಂತು, ನನ್ನ ಕಾಲು ಜಾಗ ಬಿಟ್ಟಿತು.
ಎರಡು. ಬದಿಗೆ. ಮೈ ತಾನೇ ಮೇಲೆ ಬಂತು,
ಬೆಂಗ್ರೆಯ ಕಡವಿನ ದೋಣಿ ಸಣ್ಣ ತೆರೆ ಹತ್ತಿದ ಹಾಗೆ.
ಮೂರು. ಕೂಡಿಸಿದೆ, ಭಾರ ಕೊಟ್ಟೆ.
ಇನ್ನೊಂದು ಕಾಲು ಖಾಲಿಯಾಯಿತು.
ಖಾಲಿ ಕಾಲು ಅಂದರೆ ಎಂತ ಅಂತ ಆಗ ಗೊತ್ತಾದದ್ದು.

ಮಾಸ್ಟ್ರ ಒಂದು ಕಣ್ಣಿಗೆ ಪೊರೆ. ಯಾರಿಗೂ ಹೇಳಿಲ್ಲ,
ಬರೆದ ಪಾದಗಳು ವಾರ ವಾರ ಓರೆಯಾಗುವುದು ಕಂಡು ನನಗೆ ಗೊತ್ತು.
ಕಂಬ ಹತ್ತಿರ ಬಂತು. ನೋಡಬೇಕಾಗಿಲ್ಲ,
ಅಲ್ಲಿ ನೆಲ ತುಸು ತಗ್ಗು, ನೀರು ನಿಲ್ಲುವ ಜಾಗ.
ಒಂದು ಬೆರಳಿನಷ್ಟು ತಿರುಗಿದೆ. ಅವರೂ ತಿರುಗಿದರು.
"ಚಂದ ಬಂತು," ಅಂದರು, ತಾವೇ ತಿರುಗಿಸಿದ ಹಾಗೆ.
ನಾನೂ ಹೂಂ ಅಂದೆ.

ಬೇರೆಯವರೆಲ್ಲ ಚಪ್ಪಾಳೆ ತಟ್ಟಿದರು.
ಮೆಲ್ರಾಯ್ ತಟ್ಟಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದ.
"ವಾರಿಜಕ್ಕಾ, ಆ ಮೂರನೆಯದು ಇನ್ನೊಮ್ಮೆ."
ಇನ್ನೊಮ್ಮೆ ತೋರಿಸಿದೆ. ಇನ್ನೂ ಒಮ್ಮೆ.

ಏಳಕ್ಕೆ ಎಲ್ಲ ಒರೆಸಿದೆ,
ನನ್ನ ಹಿಮ್ಮಡಿಗೆ ಹತ್ತಿದ ಗುಲಾಬಿಯನ್ನು ಬಿಟ್ಟು.

ಶಕ್ತಿನಗರದ ಬಸ್ಸು ತುಂಬಿತ್ತು.
"ಪಿರ ಪೋಲೆ, ಪಿರ ಪೋಲೆ," ಕಂಡಕ್ಟರನ ಬೊಬ್ಬೆ.
ಹೋದೆ. ಬೆರಳು, ಹಿಮ್ಮಡಿ,
ಹಿಂದೆ ನೋಡದೆ, ಅವನ ಹೆಗಲಿನ ಆಚೆ ನೋಡಿಕೊಂಡು.
ಮೂರಕ್ಕೆ ಯಾರದೋ ಕಾಲು ತುಳಿದೆ.
"ಎಂತ ಅಮ್ಮಾ, ಕಣ್ಣು ಕಾಣುವುದಿಲ್ಲವಾ?"
ಬಸ್ಸು ನಂತೂರಿನಲ್ಲಿ ತಿರುಗಿತು.
ಉತ್ತರ ಕೊಡಲಿಕ್ಕೆ ಪುರುಸೊತ್ತು ಇರಲಿಲ್ಲ,
ಖಾಲಿ ಕಾಲು ಯಾವುದೆಂದು ಹುಡುಕುತ್ತಿದ್ದೆ.